ಸಲಕರಣೆ: ಒಂದು ಗುಂಡಿ

ನೈರೋಬಿ
9 ಜನವರಿ 2023

ಶ್ರೀ ಬಲಿಕೋವ ಮುಗೋಯ ಅವರಿಗೆ,

ಆಫ್ರಿಕಾದ ಯುವ ಮುಂದಾಳುಗಳಿಗೆಂದು ನಮ್ಮ ಪ್ರತಿಷ್ಠಾನ ಕೊಡುವ ಸ್ನಾತಕೋತ್ತರ ವಿದ್ಯಾರ್ಥಿವೇತನಕ್ಕೆ ನೀವು ಕಳಿಸಿದ ಅರ್ಜಿ ತಲುಪಿದೆ. ಅಕ್ರಾದಲ್ಲಿ ಎರಡು ವರ್ಷದ ಸಂಗೀತ ಎಂ.ಎ.; ಶುಲ್ಕ, ವಸತಿ, ಊಟ, ಪ್ರಯಾಣ ಎಲ್ಲವೂ ಪ್ರತಿಷ್ಠಾನದ್ದೇ. ಹಾಗಾಗಿ ಅರ್ಜಿಗಳು ಬಹಳ ಬರುತ್ತವೆ, ಆದರೆ ಸಂಗೀತಕ್ಕೆ ಇರುವುದು ಒಂದೇ ಸ್ಥಾನ. ನವೆಂಬರಿಗೆ ನಿಮಗೆ ಮೂವತ್ತು ತುಂಬುತ್ತದೆ. ಮೂವತ್ತು ತುಂಬಿದವರಿಗೆ ಅವಕಾಶವಿಲ್ಲ. ಇದು ನಿಮಗೆ ಕೊನೆಯ ವರ್ಷವಾದ್ದರಿಂದ ಅರ್ಜಿಯನ್ನು ತಿರಸ್ಕರಿಸುವ ಬದಲು ಕೆಲವು ಲೋಪಗಳನ್ನು ತಿದ್ದಿಕೊಡಿ ಎಂದು ಕೇಳುತ್ತಿದ್ದೇನೆ.

ನಿಯಮ ಏಳರ ಪ್ರಕಾರ ಅರ್ಜಿದಾರರು ಒಬ್ಬರೇ ನುಡಿಸಿದ ವಿಡಿಯೊ ಚಿತ್ರಣ ಬೇಕು. ನೀವು ಕಳಿಸಿದ್ದರಲ್ಲಿ ಆರು ಜನ ಇದ್ದಾರೆ. ನಾಲ್ವರ ಮುಖ ಕಾಣುವುದಿಲ್ಲ. ನೀವು ಯಾರೆಂದು ನನಗೆ ತಿಳಿಯಲಿಲ್ಲ.

‘ನೀವು ಮುಂದಾಳುತನ ತೋರಿದ ಒಂದು ಸಂದರ್ಭ’ ಎಂಬ ಪ್ರಬಂಧದಲ್ಲಿ, ಹಾಡಿನಲ್ಲಿ ತಾವು ಮೂರನೆಯವರಾಗಿ ಸೇರಿಕೊಳ್ಳುವುದನ್ನು ಎರಡು ಪುಟ ವಿವರಿಸಿದ್ದೀರಿ. ಪ್ರಶ್ನೆ ಅದಲ್ಲ.

ಕೊನೆಯದಾಗಿ, ‘ಬೇಕಾಗುವ ಸಲಕರಣೆ’ ಎಂಬಲ್ಲಿ ‘ಒಂದು ಗುಂಡಿ’ ಎಂದಿದೆ. ಟೈಪಿಸುವಾಗ ಏನೋ ತಪ್ಪಿರಬೇಕು.

ಜನವರಿ 20ರ ಒಳಗೆ ಉತ್ತರಿಸಿ.

ಕವಿನ್ಯ ಮುಟಿಸೊ
ಕಾರ್ಯಕ್ರಮ ಅಧಿಕಾರಿ

ಇಗಾಂಗ, ಉಗಾಂಡ
13 ಜನವರಿ 2023

ಮಾನ್ಯ ಮೇಡಂ ಅವರಿಗೆ,

ತಾವು ಕ್ಷೇಮವೇ? ಮನೆಯವರು ಹೇಗಿದ್ದಾರೆ? ನಿಮ್ಮ ಕಡೆ ಮಳೆ ಆಯಿತೇ? ನಾವು ಚೆನ್ನಾಗಿದ್ದೇವೆ.

ಗುಂಡಿ ತಪ್ಪಾಗಿ ಬಂದದ್ದಲ್ಲ. ನಮ್ಮ ಎಂಬೈರೆ ವಾದ್ಯದಲ್ಲಿ ಅರ್ಧ ಮರ, ಅರ್ಧ ಗುಂಡಿ. ನೆಲದಲ್ಲಿ ಆಳು ಮಲಗುವಷ್ಟು ಉದ್ದ ತೋಡಿ, ಎರಡೂ ಅಂಚಿಗೆ ಬಾಳೆದಿಂಡು ಇಟ್ಟು, ಅದರ ಮೇಲೆ ಮರದ ದಪ್ಪ ಹಲಗೆಗಳನ್ನು ಸಾಲಾಗಿ ಜೋಡಿಸುತ್ತೇವೆ. ಆ ಕಡೆ ಈ ಕಡೆ ಕೂತು ಕೋಲಿನಿಂದ ಹೊಡೆಯುತ್ತೇವೆ. ಗುಂಡಿ ಇಲ್ಲದಿದ್ದರೆ ಕಟ್ಟಿಗೆ ಒಡೆದ ಸದ್ದು ಬರುತ್ತದೆ, ಅಷ್ಟೆ.

ಚಿತ್ರಣದಲ್ಲಿ ನಾನು ಬಲಗಡೆ ನಡುವಿನವನು, ಹಳದಿ ಅಂಗಿ. ನನ್ನ ಬೆನ್ನು ಕಾಣುತ್ತದೆ. ಮುಖ ಕಾಣುವ ದಪ್ಪ ಮನುಷ್ಯ ಇಸಿಕೊ, ನನ್ನ ಎದುರಿನವನು. ಕೊನೆಯಲ್ಲಿ ಟೋಪಿ ಹಾಕಿಕೊಂಡು ಯಾರನ್ನೋ ಬೈಯುತ್ತಿರುವವರು ಧಿಕುಸೂಕ ಅಜ್ಜ. ತಂಡ ಅವರದು, ಹಲಗೆಗಳು ಅವರು ಕಡಿದದ್ದು, ಗುಂಡಿ ಇರುವುದೂ ಅವರ ಅಂಗಳದಲ್ಲಿ.

ಪ್ರಬಂಧದ ಬಗ್ಗೆ ಅವರಲ್ಲೇ ಕೇಳಿದೆ. ‘ಅಜ್ಜ, ನಾನು ಯಾವತ್ತಾದ್ರೂ ಮುಂದಾಳು ಆಗಿದ್ದೀನಾ?’ ಅಂದೆ.

‘ಊಟಕ್ಕೆ ಕರೆದಾಗ ಆಗಿದ್ದೀಯ’ ಅಂದರು.

ಆದ್ದರಿಂದ ಸದ್ಯಕ್ಕೆ ಆ ಪ್ರಬಂಧವನ್ನೇ ಇಟ್ಟುಕೊಳ್ಳಬೇಕೆಂದು ವಿನಂತಿ. ಸುಳ್ಳು ಬರೆದರೆ ಇಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ನಾನು ಪ್ರೌಢಶಾಲೆಯ ಸಂಗೀತ ಮೇಷ್ಟ್ರು. ಎಂಬೈರೆಯನ್ನು ಒಬ್ಬೊಬ್ಬರಾಗಿ ಪರೀಕ್ಷಿಸಲು ಬರುವುದಿಲ್ಲ ಎಂದು ನಮ್ಮ ಪರೀಕ್ಷೆಯಲ್ಲಿ ಅದು ಇಲ್ಲ. ಹಾಗಾಗಿ ಇಸಿಕೊನ ಮಗಳು ಮನೆಯಲ್ಲಿ ಎಂಬೈರೆ ಕೇಳಿ ಬೆಳೆದು, ಶಾಲೆಯಲ್ಲಿ ಪ್ಲಾಸ್ಟಿಕ್ ಕೊಳಲು ಊದುತ್ತಾಳೆ. ಕೂಡಿ ನುಡಿಸುವುದನ್ನು ಹೇಗೆ ಕಲಿಸಬೇಕು, ಹೇಗೆ ಅಂಕ ಕೊಡಬೇಕು ಎಂಬುದನ್ನು ಓದಿಕೊಂಡು ಬರಬೇಕು. ಅದಕ್ಕೇ ಈ ಅರ್ಜಿ.

ನಾನೊಬ್ಬನೇ ನುಡಿಸಿದ್ದನ್ನು ಈ ಇಮೇಲಿಗೆ ಲಗತ್ತಿಸಿದ್ದೇನೆ.

ವಿಧೇಯ
ಬಲಿಕೋವ ಮುಗೋಯ

ನೈರೋಬಿ
28 ಜನವರಿ 2023

ಶ್ರೀ ಬಲಿಕೋವ ಅವರಿಗೆ,

ಗುಂಡಿಯ ವಿಷಯ ಅರ್ಥವಾಯಿತು. ಕಡತದಲ್ಲಿ ಟಿಪ್ಪಣಿ ಹಾಕಿದ್ದೇನೆ.

ನೀವೊಬ್ಬರೇ ನುಡಿಸಿದ್ದನ್ನು ಆಯ್ಕೆ ಸಮಿತಿ ಕೇಳಿತು. ‘ಒಂದೇ ವಾಕ್ಯವನ್ನು ನಾಲ್ಕು ನಿಮಿಷ ಹೇಳಿದಂತಿದೆ’ ಎಂದು ಒಬ್ಬರು, ‘ಬಾಗಿಲು ತಟ್ಟಿದ ಹಾಗೆ, ಯಾರೂ ತೆಗೆಯುವುದಿಲ್ಲ’ ಎಂದು ಇನ್ನೊಬ್ಬರು ಬರೆದಿದ್ದಾರೆ. ಅಧ್ಯಕ್ಷರಾದ ಪ್ರೊಫೆಸರ್ ಅಮೊಆಕೊ ಏನನ್ನೂ ಬರೆದಿಲ್ಲ.

ಕಡತ ಫೆಬ್ರವರಿ 15ರವರೆಗೆ ನನ್ನ ಮೇಜಿನ ಮೇಲೆ ಇರುತ್ತದೆ.

ಕವಿನ್ಯ ಮುಟಿಸೊ

ಇಗಾಂಗ
1 ಫೆಬ್ರವರಿ 2023

ಮಾನ್ಯ ಮೇಡಂ,

ಕಡತ ಇನ್ನೂ ನಿಮ್ಮ ಮೇಜಿನ ಮೇಲಿದೆ ಎಂದು ಬರೆದಿದ್ದಕ್ಕೆ ಕೃತಜ್ಞ. ಆ ಸಾಲನ್ನು ನಮ್ಮವರಿಗೆ ಎರಡು ಸಲ ಓದಿ ಹೇಳಿದೆ.

ಬಾಗಿಲು ತಟ್ಟಿದ ಹಾಗೆ ಎಂದವರು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ. ನನ್ನ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇಸಿಕೊನ ಪೆಟ್ಟು ಬೀಳಬೇಕು. ಅವನೊಬ್ಬನೇ ನುಡಿಸಿದರೂ ಹೀಗೆಯೇ. ಇಬ್ಬರೂ ಸೇರಿದಾಗ ಮಾತ್ರ ಹಾಡು. ಅದರಲ್ಲಿ ನನ್ನದೆಷ್ಟು ಅವನದೆಷ್ಟು ಎಂದು ಕೇಳುವವರಿಗೆ ತಿಳಿಯುವುದಿಲ್ಲ.

ಇಸಿಕೊನ ಪಾಲನ್ನು ಬೇರೆಯಾಗಿ ಚಿತ್ರೀಕರಿಸಿ ಕಳಿಸುತ್ತಿದ್ದೇನೆ. ಎರಡು ಕಂಪ್ಯೂಟರ್ ಅಕ್ಕಪಕ್ಕ ಇಡಿ. ಎರಡನ್ನೂ ಒಂದೇ ಹೊತ್ತಿಗೆ ಒತ್ತಬೇಡಿ, ಆಗ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಜಗಳ ಆಗುತ್ತದೆ. ನನ್ನದು ಶುರುವಾದ ಮೇಲೆ, ಕಣ್ಣು ಮಿಟುಕಿಸುವಷ್ಟು ತಡೆದು ಅವನದನ್ನು ಒತ್ತಿ.

ಇದರಿಂದ ಇಲ್ಲಿ ಸ್ವಲ್ಪ ಗಲಾಟೆಯಾಯಿತು. ‘ನಿನ್ನ ಪೆಟ್ಟು ನನ್ನ ಸಂದಿಗೆ ಬೀಳುತ್ತೆ ಅಂತ ಬರೀತಿದ್ದೀನಿ’ ಎಂದು ಇಸಿಕೊಗೆ ಹೇಳಿದೆ.

‘ಯಾರ ಸಂದಿಗೆ? ಮುಖ್ಯ ಪೆಟ್ಟು ನಂದು. ಸಂದೀಲಿ ತೂರೋನು ನೀನು’ ಅಂದ.

‘ಹನ್ನೆರಡು ವರ್ಷದಿಂದ ನಾನೇ ನೆಲದ ಮೇಲೆ ನಡೀತಿರೋದು ಕಣೋ.’

‘ಹನ್ನೆರಡು ವರ್ಷದಿಂದ ನಾನೂ ನಡೀತಿದ್ದೀನಿ. ಹಾಗಾದ್ರೆ ಗಾಳೀಲಿ ಹೋಗ್ತಿರೋದು ಯಾರಪ್ಪ?’

ಇಷ್ಟು ವರ್ಷ ಎದುರುಬದುರು ಕೂತಿದ್ದೇವೆ. ತಾನೇ ನೆಲದ ಮೇಲಿರುವವನು ಎಂದು ಇಬ್ಬರೂ ಅಂದುಕೊಂಡಿದ್ದೆವು ಎಂಬುದು ನಿಮ್ಮ ಸಮಿತಿಯಿಂದಾಗಿ ಗೊತ್ತಾಯಿತು. ಅಜ್ಜನನ್ನು ಕೇಳಿದರೆ, ‘ಇದನ್ನ ಕೇಳೋರು ನುಡಿಸೋಕೆ ನಾಲಾಯಕ್ಕು’ ಎಂದು ಒಳಗೆ ಹೋದರು.

ವಿಧೇಯ
ಬಲಿಕೋವ

ನೈರೋಬಿ
11 ಫೆಬ್ರವರಿ 2023

ಶ್ರೀ ಬಲಿಕೋವ ಅವರಿಗೆ,

ನಿಮ್ಮ ಸೂಚನೆಯಂತೆ ಎರಡು ಕಂಪ್ಯೂಟರ್ ಇಟ್ಟೆವು. ಲೆಕ್ಕಪತ್ರ ವಿಭಾಗದ ಸಹೋದ್ಯೋಗಿ ಒಂದನ್ನು ಒತ್ತಿದರು, ನಾನು ಇನ್ನೊಂದನ್ನು. ಮೊದಲ ಬಾರಿ ಜಗಳವಾಯಿತು, ವಾದ್ಯಗಳ ನಡುವೆ. ಎರಡನೆಯ ಬಾರಿ ನಮ್ಮ ನಡುವೆ. ನಾನು ಬೇಗ ಒತ್ತುತ್ತೇನೆ ಎಂದು ಅವರು, ಅವರು ತಡ ಮಾಡುತ್ತಾರೆ ಎಂದು ನಾನು. ಮಧ್ಯಾಹ್ನದ ಹೊತ್ತಿಗೆ ಕೂಡಿಕೊಂಡಿತು.

ಅದನ್ನು ಕಡತಕ್ಕೆ ತಕ್ಕ ಭಾಷೆಯಲ್ಲಿ ಹೇಗೆ ಬರೆಯಬೇಕೋ ನನಗೆ ತಿಳಿಯುತ್ತಿಲ್ಲ. ಬಾಗಿಲುಗಳು ತೆರೆದುಕೊಂಡು ಜನ ಹೊರಗೆ ಬಂದರು. ಎರಡೂ ಚಿತ್ರಣಗಳಲ್ಲಿ ಇಲ್ಲದ ಒಂದು ಮೂರನೆಯ ರಾಗ ಕೇಳುತ್ತಿತ್ತು. ಅದು ಯಾವ ಕಂಪ್ಯೂಟರಿನಿಂದ ಬರುತ್ತಿದೆ ಎಂದು ನಿರ್ದೇಶಕರು ಮೇಜಿನ ಕೆಳಗೆ ಬಗ್ಗಿ ನೋಡಿದರು.

ಇದನ್ನು ಸಮಿತಿಗೆ ಹಾಗೆಯೇ ಕೇಳಿಸಿದೆ. ಮಾರ್ಚ್ 21ರಂದು ನೈರೋಬಿಯಲ್ಲಿ ನಿಮ್ಮ ಸಂದರ್ಶನ. ಕಡೆಯ ಸುತ್ತಿನಲ್ಲಿ ನೀವೂ ಸೇರಿ ಮೂವರು ಅರ್ಜಿದಾರರಿದ್ದೀರಿ. ವಾದ್ಯದೊಂದಿಗೆ ಬರಬೇಕು. ನಿಯಮ ಏಳು ಈಗಲೂ ಅನ್ವಯಿಸುತ್ತದೆ: ಜೊತೆಗೆ ಬೇರೆ ಕಲಾವಿದರು ನುಡಿಸುವಂತಿಲ್ಲ. ಪ್ರಯಾಣದ ವೆಚ್ಚ ಒಬ್ಬರಿಗೆ ಮಾತ್ರ.

ಕವಿನ್ಯ ಮುಟಿಸೊ

ಇಗಾಂಗ
16 ಫೆಬ್ರವರಿ 2023

ಮಾನ್ಯ ಕವಿನ್ಯ ಮೇಡಂ,

ನಿಮ್ಮ ಪತ್ರವನ್ನು ಶಾಲೆಯ ಗೇಟಿನಲ್ಲೇ ಓದಿದೆ. ಆಮೇಲೆ ಎರಡು ಪಾಠ ಏನು ಮಾಡಿದೆನೋ ಗೊತ್ತಿಲ್ಲ. ಇಸಿಕೊನ ಹೆಂಡತಿ ಗೆಣಸು ಬೇಯಿಸಿ, ಕಡಲೆಕಾಯಿ ಸಾರು ಮಾಡಿ, ಇಡೀ ತಂಡಕ್ಕೆ ಊಟ ಹಾಕಿದಳು. ಮೂರನೆಯ ರಾಗದ ವಿಷಯ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಮೇಜಿನ ಕೆಳಗೆ ಹುಡುಕಿದ ನಿರ್ದೇಶಕರ ಮೇಲೆ ಇಲ್ಲಿ ಎಲ್ಲರಿಗೂ ಪ್ರೀತಿ ಬಂದಿದೆ.

ನಿಮ್ಮ ಕಚೇರಿಗೆ ಅಂಗಳ ಇದೆಯೇ? ಗುಂಡಿ ತೋಡಲು ಜಾಗ ಬೇಕು. ಆಳ ಮೊಣಕಾಲವರೆಗೆ ಸಾಕು. ಬಾಳೆದಿಂಡು ಅಲ್ಲೇ ಸಿಕ್ಕೀತು ಅಂದುಕೊಂಡಿದ್ದೇನೆ.

ಹಲಗೆಗಳನ್ನು ಊರಿನಿಂದ ಹೊರಗೆ ಒಯ್ಯುವ ಬಗ್ಗೆ ಇಲ್ಲಿ ಒಂದು ಸಣ್ಣ ಚರ್ಚೆ ನಡೆದಿದೆ. ಯೋಚಿಸುವಂಥದ್ದೇನಿಲ್ಲ.

ವಿಧೇಯ
ಬಲಿಕೋವ

ನೈರೋಬಿ
25 ಫೆಬ್ರವರಿ 2023

ಶ್ರೀ ಬಲಿಕೋವ ಅವರಿಗೆ,

ಕಚೇರಿಯ ಮುಂದೆ ಹುಲ್ಲುಹಾಸು ಇದೆ. ಕಟ್ಟಡದ ಮಾಲೀಕರು ಅದನ್ನು ತಮ್ಮ ಮಕ್ಕಳಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಕಾವಲುಗಾರ ಒಕುಮು ಅವರ ಬಳಿ ಸುಮ್ಮನೆ ವಿಚಾರಿಸಿದೆ. ‘ಗುಂಡಿನಾ? ಮೇಡಂ, ಹೋದ ವರ್ಷ ಒಬ್ಬರು ಅದರ ಮೇಲೆ ಕುರ್ಚಿ ಹಾಕಿದ್ದಕ್ಕೆ ಧಣಿ ಒಂದು ವಾರ ಮಾತು ಬಿಟ್ಟಿದ್ರು. ನೀವು ಗುಂಡಿ ಅಂತೀರಲ್ಲ!’ ಎಂದರು.

ಸಭಾಂಗಣದಲ್ಲಿ, ಜಮಖಾನದ ಮೇಲೆ, ಗುಂಡಿಯ ಅಳತೆಯ ಒಂದು ಮರದ ಪೆಟ್ಟಿಗೆ ಮಾಡಿಸಿಟ್ಟರೆ ಆಗುತ್ತದೆಯೇ?

ಕವಿನ್ಯ

ಇಗಾಂಗ
2 ಮಾರ್ಚ್ 2023

ಮೇಡಂ,

ಪೆಟ್ಟಿಗೆಯ ವಿಷಯ ಅಜ್ಜನಿಗೆ ಹೇಳಿದೆ. ‘ಪೆಟ್ಟಿಗೇಲಿ ಹಾಕೋದು ಸತ್ತ ಮೇಲೆ’ ಅಂದರು.

ಚರ್ಚೆ ಇನ್ನೂ ಸ್ವಲ್ಪ ಉಳಿದಿದೆ. ನಾನು ಹೇಗಾದರೂ 21ಕ್ಕೆ ಬರುತ್ತೇನೆ.

ಬಲಿಕೋವ

ನೈರೋಬಿ
9 ಮಾರ್ಚ್ 2023

ಶ್ರೀ ಬಲಿಕೋವ ಅವರಿಗೆ,

ಗುಂಡಿಗೆ ಅನುಮತಿ ಸಿಕ್ಕಿದೆ. ಮಾಲೀಕರು ಖುಷಿಯಿಂದಲೇ ಒಪ್ಪಿದರು. ಹೇಗೆಂದು ಕೇಳಬೇಡಿ.

ನಿಮ್ಮ ಕಡೆಯ ಚರ್ಚೆ ಮುಗಿಯಿತೇ? ವಾರದಿಂದ ಪತ್ರವಿಲ್ಲ.

ಕವಿನ್ಯ

ನೈರೋಬಿ
15 ಮಾರ್ಚ್ 2023

ಶ್ರೀ ಬಲಿಕೋವ ಅವರಿಗೆ,

ಈ ಪತ್ರ ತಲುಪಿದ್ದಕ್ಕೆ ಒಂದು ಸಾಲು ಬರೆಯಿರಿ. ಒಕುಮು ಆಗಲೇ ಹಾರೆ ತಂದಿಟ್ಟಿದ್ದಾರೆ.

ಕವಿನ್ಯ

ನೈರೋಬಿ
22 ಮಾರ್ಚ್ 2023

ಬಲಿಕೋವ ಅವರಿಗೆ,

ನೀವು ಈಗ ಬಸ್ಸಿನಲ್ಲಿ ಇರುತ್ತೀರಿ. ನೀವು ಊರು ತಲುಪುವ ಮೊದಲೇ ಇದು ಅಲ್ಲಿರಲಿ.

ಮೊದಲನೆಯದು. ‘ಚರ್ಚೆ’ ಎಂದು ನೀವು ಎರಡು ಸಲ ಬರೆದದ್ದು, ನಿನ್ನೆ ಬೆಳಿಗ್ಗೆ ಟೋಪಿ ಹಾಕಿಕೊಂಡು ನಮ್ಮ ಗೇಟಿನಲ್ಲಿ ನಿಂತು ಒಕುಮು ಅವರನ್ನು ಬೈಯುತ್ತಿತ್ತು. ಗಡಿ ದಾಟಿದ ಹಲಗೆ ಮೂಕವಾಗುತ್ತದೆ ಎಂದು ಹಟ ಹಿಡಿದು, ಒಂದು ವಾರ ಅವುಗಳ ಮೇಲೇ ಚಾಪೆ ಹಾಸಿ ಮಲಗಿದರಂತೆ. ಕೊನೆಗೆ ಹಲಗೆ ಹೋದರೆ ತಾನೂ ಹೋಗುವೆ ಎಂದು ಸ್ವಂತ ದುಡ್ಡಿನಲ್ಲಿ ಬಸ್ಸು ಹತ್ತಿದರಂತೆ. ಇದನ್ನೆಲ್ಲ ಅವರೇ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಗಡಿಯಲ್ಲಿ ಒಬ್ಬರು ‘ಈ ಸೌದೆ ಯಾರದು?’ ಎಂದು ಕೇಳಿದ್ದಕ್ಕೆ, ಆ ಮನುಷ್ಯ ಕ್ಷಮೆ ಕೇಳುವವರೆಗೆ ಅಜ್ಜ ಬಸ್ಸನ್ನು ಬಿಡಲಿಲ್ಲವಂತೆ. ನೀವು ನನಗೆ ಮೊದಲೇ ಬರೆದಿದ್ದರೆ ಕನಿಷ್ಠ ಚಹಾ ಮಾಡಿಸಿಟ್ಟಿರುತ್ತಿದ್ದೆ.

ಎರಡನೆಯದು ಕಷ್ಟದ್ದು. ಅಜ್ಜ ತೋರಿಸಿದ ಜಾಗದಲ್ಲಿ ಒಕುಮು ತೋಡಿದ ಗುಂಡಿಯ ಮುಂದೆ ನೀವು ಒಬ್ಬರೇ ಕೂತು ನುಡಿಸಿದಿರಿ. ಸಮಿತಿಯವರು ಗಡಿಯಾರ ನೋಡತೊಡಗಿದರು. ಬಾಗಿಲು ತಟ್ಟಿದ ಹಾಗೆ ಎಂದಿದ್ದವರು ಕಡತ ಮುಚ್ಚಿದರು. ಪ್ರೊಫೆಸರ್ ಅಮೊಆಕೊ ಮಾತ್ರ, ‘ಎದುರಿಗೆ ಯಾರಾದರೂ ಇದ್ದರೆ ಚೆನ್ನಾಗಿತ್ತು’ ಎಂದು ತಮಗೆ ತಾವೇ ಹೇಳಿಕೊಂಡರು. ಗೇಟಿನ ಬಳಿಯಿಂದ ಅಜ್ಜ ಎದ್ದು ನಿಂತದ್ದನ್ನೂ ನೋಡಿದೆ. ಆದರೆ ನಿಯಮ ಏಳನ್ನು ಬರೆದವಳು ನಾನೇ. ಅದರಲ್ಲಿ ಇರುವುದು ‘ಬೇರೆ ಕಲಾವಿದರು’ ಎಂದು. ಕಲಾವಿದರಲ್ಲದವರು ಕೂರಬಾರದು ಎಂದು ಇಲ್ಲ. ಅಷ್ಟನ್ನು ಓದಿ ಹೇಳಿ, ಆಯ್ಕೆಯಲ್ಲಿ ನನಗಿರುವ ಒಂದು ಮತವನ್ನು ಬಿಟ್ಟುಕೊಡುತ್ತೇನೆ ಎಂದು ಬರೆದುಕೊಟ್ಟು, ಚಪ್ಪಲಿ ಬಿಟ್ಟು ಬಂದು ಕೂತೆ.

ನಿಮಗೆ ಆಶ್ಚರ್ಯವಾಯಿತು. ನಾನು ಬರೆದಿರಲಿಲ್ಲ: ಫೆಬ್ರವರಿ 11ರಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಿಮ್ಮ ಚಿತ್ರಣ ಹಾಕಿಕೊಂಡು, ಇಸಿಕೊ ಅವರ ಪಾಲನ್ನು ಎರಡು ಮರದ ಸೌಟಿನಿಂದ ಮೇಜಿನ ಮೇಲೆ ಬಾರಿಸುತ್ತಿದ್ದೆ. ಲೆಕ್ಕಪತ್ರ ವಿಭಾಗದವರು ದೂರು ಕೊಟ್ಟಿದ್ದಾರೆ.

ಮೇಜು ಬೇರೆ, ಮನುಷ್ಯ ಬೇರೆ. ಅರ್ಧಕ್ಕೆ ಬಂದಾಗ ನಾನು ತಪ್ಪಿದೆ. ನನ್ನ ಕೋಲೂ ನಿಮ್ಮ ಕೋಲೂ ಒಟ್ಟಿಗೇ ಬಿದ್ದವು. ಜಗಳದ ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನಿಲ್ಲಿಸಿಬಿಡೋಣ ಅನ್ನಿಸಿತು. ಆದರೆ ಮರುಗಳಿಗೆ ಮತ್ತೆ ಕೂಡಿಕೊಂಡಿತ್ತು, ಮುಗಿಯುವವರೆಗೂ ಕೂಡಿಕೊಂಡೇ ಇತ್ತು. ಹೇಗೆಂದು ನನಗೆ ಅರ್ಥವಾಗಿಲ್ಲ. ನಾನೇನೂ ಸರಿಪಡಿಸಿಕೊಳ್ಳಲಿಲ್ಲ, ಅದಂತೂ ಖಂಡಿತ.

ಆ ತಪ್ಪನ್ನು ಸಮಿತಿ ನಿಮ್ಮ ಲೆಕ್ಕಕ್ಕೆ ಹಾಕಿದರೆ ಅದಕ್ಕೆ ಕಾರಣ ನಾನು. ತಡೆಯಲು ಈಗ ನನ್ನ ಕೈಯಲ್ಲಿ ಮತವೂ ಇಲ್ಲ. ಕ್ಷಮಿಸಿ.

ಹೊರಡುವಾಗ ಅಜ್ಜ ನನ್ನ ಕೈ ಹಿಡಿದು ತಮ್ಮ ಭಾಷೆಯಲ್ಲೇ ಏನೋ ಹೇಳಿದರು. ನನಗೆ ಅವರ ಭಾಷೆ ಬಾರದು. ನೀವು ‘ಹರಸಿದರು’ ಎಂದಿರಿ. ಅವರ ಮುಖ ಹರಸುವವರದಾಗಿರಲಿಲ್ಲ.

ಕವಿನ್ಯ

ಇಗಾಂಗ
27 ಮಾರ್ಚ್ 2023

ಎದುರು ಸಾಲಿನ ಕವಿನ್ಯ ಅವರಿಗೆ,

ಕ್ಷೇಮವಾಗಿ ತಲುಪಿದೆವು. ಹಲಗೆಗಳೂ ತಲುಪಿದವು. ಬಂದ ಕೂಡಲೇ ಅಜ್ಜ ಒಂದೊಂದನ್ನೂ ತಟ್ಟಿ ನೋಡಿ, ಯಾವುದೂ ಮೂಕವಾಗಿಲ್ಲ ಎಂದು ತುಸು ಬೇಸರ ಮಾಡಿಕೊಂಡರು.

ಅವರು ಹರಸಿದ್ದಲ್ಲ, ನಿಜ. ‘ಈ ತಾಯಿ ಸಾರು ತಿರುವಿದ ಹಾಗೆ ಬಾರಿಸ್ತಾಳೆ’ ಅಂದರು. ಸೌಟಿನಲ್ಲಿ ಕಲಿತದ್ದು ಎಂದು ನಿಮ್ಮ ಪತ್ರದಿಂದ ತಿಳಿದಾಗ, ‘ನೋಡಿದ್ಯಾ, ಕಿವಿ ಹೇಗಿದೆ ನಂದು!’ ಎಂದು ಊರೆಲ್ಲ ಹೇಳಿಕೊಂಡು ಬಂದರು.

ಈಗ ಆ ತಪ್ಪಿನ ವಿಷಯ. ನೀವು ಒಂದು ಪೆಟ್ಟು ಬೇಗ ಹೊಡೆದಿರಿ, ಅಷ್ಟೆ. ಆದ್ದರಿಂದ ನನ್ನ ಜಾಗಕ್ಕೆ ಬಂದಿರಿ. ನೀವು ಬಂದಾಗ ನಿಮ್ಮ ಜಾಗ ಖಾಲಿಯಾಯಿತು. ನಾನು ಅಲ್ಲಿಗೆ ಹೋದೆ. ಇಸಿಕೊಗೆ ಸೆಕೆಯಲ್ಲಿ ನಿದ್ದೆ ಹತ್ತಿದಾಗ ನಾವು ಮಾಡುವುದೂ ಇದೇ. ಬಂದವರನ್ನು ಎಬ್ಬಿಸುವುದಕ್ಕಿಂತ ಅವರು ಬಿಟ್ಟ ಕಡೆ ಕೂರುವುದು ಸುಲಭ. ನಮ್ಮ ತಂಡದಲ್ಲಿ ಅದಕ್ಕೆ ತಪ್ಪು ಎಂಬ ಹೆಸರಿಲ್ಲ. ಹಾಡು ಸ್ವಲ್ಪ ಬೇರೆಯಾಗಿ ಬಂತು. ಅಜ್ಜ ಗೇಟಿನ ಬಳಿ ನಕ್ಕದ್ದು ಅದಕ್ಕೇ. ಬಸ್ಸಿನಲ್ಲಿ ಆ ಬೇರೆ ಹಾಡನ್ನೇ ಗುನುಗುತ್ತಿದ್ದರು. ನಾನು ನೋಡಿದ ಕೂಡಲೇ ನಿಲ್ಲಿಸಿದರು.

ನೀವು ಮತ ಬಿಟ್ಟುಕೊಟ್ಟದ್ದು ನನಗೆ ಪತ್ರ ಓದುವವರೆಗೆ ತಿಳಿದಿರಲಿಲ್ಲ. ಅಲ್ಲಿ ಏನೋ ಬರೆದುಕೊಟ್ಟಿರಿ, ಹಾಜರಿ ಇರಬೇಕು ಅಂದುಕೊಂಡೆ. ಇಸಿಕೊಗೆ ಹೇಳಿದೆ. ‘ನಾನಾಗಿದ್ರೆ ಮತ ಇಟ್ಕೊಂಡು, ಕೋಲು ಬಿಡ್ತಿದ್ದೆ’ ಅಂದ. ‘ಅದಕ್ಕೇ ನಿನ್ನನ್ನ ಯಾರೂ ಅಧಿಕಾರಿ ಮಾಡಿಲ್ಲ’ ಅಂದಳು ಅವನ ಹೆಂಡತಿ.

ಸ್ಥಾನ ಸಿಗದಿದ್ದರೆ ದುಃಖವಾಗುತ್ತದೆ. ಆಗುವುದಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ. ನವೆಂಬರಿನ ನಂತರ ನನಗೆ ಯಾವ ಅರ್ಜಿಯೂ ಇಲ್ಲ. ಆದರೆ ಹೋದರೆ ಅದು ನಿಮ್ಮ ಪೆಟ್ಟಿನಿಂದ ಹೋಗಿರುವುದಿಲ್ಲ.

ಬಲಿಕೋವ

ನೈರೋಬಿ
18 ಏಪ್ರಿಲ್ 2023

ಶ್ರೀ ಬಲಿಕೋವ ಮುಗೋಯ ಅವರಿಗೆ,

ಸಂಗೀತ ವಿಭಾಗದ ಸ್ಥಾನಕ್ಕೆ ನೀವು ಆಯ್ಕೆಯಾಗಿದ್ದೀರಿ ಎಂದು ತಿಳಿಸಲು ಸಂತೋಷವಾಗುತ್ತದೆ.

ಇಷ್ಟು ಅಧಿಕೃತ. ಇನ್ನುಳಿದದ್ದು ನನ್ನ ಕಡೆಯಿಂದ.

ನಿನ್ನೆ ಪ್ರೊಫೆಸರ್ ಅಮೊಆಕೊ ಕಡತ ತಂದು ನನ್ನ ಮೇಜಿನ ಮೇಲೆ ಇಟ್ಟರು. ‘ಕವಿನ್ಯ, ನಡುವೆ ಒಂದು ಕಡೆ ಎಡವಿದ್ದು ಯಾರು? ನಿಜ ಹೇಳಿ’ ಎಂದರು. ನಾನು, ‘ನಾನೇ ಮೇಡಂ’ ಎಂದೆ.

‘ಅದು ಗೊತ್ತು. ಎಡವಿದ್ದು ನೀವು, ಆದರೆ ಜಾಗ ಬಿಟ್ಟುಕೊಟ್ಟು ಎದ್ದದ್ದು ಅವನು. ಇವರಿಬ್ಬರಿಗೂ ತಿಳಿಯಲೇ ಇಲ್ಲ’ ಎಂದು ಮತ್ತಿಬ್ಬರು ಸದಸ್ಯರ ಖಾಲಿ ಕುರ್ಚಿಗಳನ್ನು ತೋರಿಸಿ ನಕ್ಕರು. ಆಮೇಲೆ ಮುಂದಾಳುತನದ ಪ್ರಬಂಧವನ್ನು ತೆಗೆದು, ‘ಮೂರನೆಯವನಾಗಿ ಸೇರಿಕೊಳ್ಳುವುದರ ಬಗ್ಗೆ ಎರಡು ಪುಟ ಬರೆದಿದ್ದಾನಲ್ಲ, ನೀವು ಇದನ್ನು ಲೋಪ ಅಂದಿದ್ದಿರಂತೆ’ ಎಂದರು. ಮುಂದಾಳುತನಕ್ಕೆ ಅಂಕ ಹಾಕುವ ಚೌಕದಲ್ಲಿ ಅವರು ಬರೆದದ್ದು ಇಷ್ಟೇ: ‘ಎದುರಿಗಿದ್ದವಳು ಬಿದ್ದಳು. ಬಿದ್ದದ್ದು ಅವಳಿಗೇ ತಿಳಿಯದ ಹಾಗೆ ನೋಡಿಕೊಂಡ.’

ಆ ಲೋಪವನ್ನು ಕಡತದಿಂದ ನಾನು ಹೊಡೆದುಹಾಕಿದ್ದೇನೆ.

ಸೆಪ್ಟೆಂಬರಿನಲ್ಲಿ ತರಗತಿ ಶುರು. ಅಕ್ರಾದವರು ಸಲಕರಣೆಗಳ ಪಟ್ಟಿ ಕೇಳಿದ್ದಾರೆ. ಗುಂಡಿ ಎಂದು ನಾನೇ ತುಂಬಿದೆ. ಟೈಪಿಸುವಾಗ ಏನೋ ತಪ್ಪಿರಬೇಕು ಎಂದು ಅಲ್ಲಿಂದ ಉತ್ತರ ಬಂದಿದೆ. ನಾಳೆ ಅವರಿಗೊಂದು ದೀರ್ಘ ಪತ್ರ ಬರೆಯುವವಳಿದ್ದೇನೆ. ಎದುರಿಗೆ ಕೂರುವವರನ್ನು ಅವರೇ ಹುಡುಕಿಕೊಡಬೇಕು. ಸೌಟು ಬೇಕಿದ್ದರೆ ನನ್ನಲ್ಲಿ ಇದೆ.

ಈಗ ನನ್ನದೊಂದು ತೊಂದರೆ. ಮಾಲೀಕರು ಗುಂಡಿಗೆ ಹೇಗೆ ಒಪ್ಪಿದರು ಎಂದು ಕೇಳಬೇಡಿ ಎಂದಿದ್ದೆನಲ್ಲ. ಗಿಡ ನೆಡುತ್ತೇವೆ ಎಂದು ಹೇಳಿದ್ದೆ. ಅವರು ನಿನ್ನೆ ಬಂದು ನೋಡಿ, ‘ಎಲ್ಲಮ್ಮಾ ಗಿಡ? ಇಷ್ಟುದ್ದದ ಗುಂಡೀಲಿ ಅದ್ಯಾವ ಗಿಡ ನೆಡ್ತೀರಿ, ಆನೆಗೆ ತೊಟ್ಟಿ ಮಾಡಿದ ಹಾಗಿದೆ!’ ಎಂದರು. ಒಕುಮು ಥಟ್ಟನೆ, ‘ಸಾಲು ಮರ, ಧಣಿ’ ಎಂದುಬಿಟ್ಟರು. ಈ ತಿಂಗಳ ಕೊನೆಯೊಳಗೆ ಅಲ್ಲಿ ಏನಾದರೂ ಚಿಗುರಬೇಕು. ಅಜ್ಜನನ್ನು ಒಂದು ಮಾತು ಕೇಳಿ. ಗುಂಡಿಗೆ ಜಾಗ ಆರಿಸಿದವರು ಅವರೇ.

ಕವಿನ್ಯ

ಇಗಾಂಗ
24 ಏಪ್ರಿಲ್ 2023

ಕವಿನ್ಯ ಅವರಿಗೆ,

ಇಲ್ಲಿ ಎಂಬೈರೆ ಎರಡು ದಿನದಿಂದ ನಿಂತಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನನ್ನ ಕೋಲನ್ನು ಅಜ್ಜ ಕಿತ್ತುಕೊಂಡರು. ‘ಅಕ್ರಾದವನು ದೂರ ಕೂತ್ಕೋ, ನೀನು ಇನ್ನು ಅತಿಥಿ’ ಅಂದರು. ನನ್ನ ಜಾಗದಲ್ಲಿ ಇಸಿಕೊನ ಮಗಳನ್ನು ಕೂರಿಸಿದ್ದಾರೆ. ಪ್ಲಾಸ್ಟಿಕ್ ಕೊಳಲು ಊದುವವಳು. ಅಪ್ಪನ ಎದುರಿಗೆ ಕೂತು, ‘ಅಪ್ಪಾ, ಮುಖ್ಯ ಪೆಟ್ಟು ನಂದಲ್ವಾ?’ ಎಂದು ಕೇಳಿದಳು. ಇಸಿಕೊ ನನ್ನ ಮುಖ ನೋಡಿದ. ‘ಹೌದಮ್ಮಾ, ನಿಂದೇ’ ಅಂದ. ಹನ್ನೆರಡು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳದ ಮಾತು.

ಪ್ರೊಫೆಸರ್ ಬರೆದದ್ದನ್ನು ಅಜ್ಜನಿಗೆ ಓದಿದೆ. ‘ಇಷ್ಟಕ್ಕೆ ಎರಡು ವರ್ಷ ಊಟ ಹಾಕ್ತಾರಾ?’ ಎಂದು ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ ಬಂದು, ಇನ್ನೊಂದು ಸಲ ಓದು ಅಂದರು.

ಗಿಡದ ವಿಷಯ. ನಿಮ್ಮ ಪತ್ರದ ಆ ಭಾಗ ಬರುವ ಮೊದಲೇ ಅಜ್ಜ ಅದರ ಕೆಲಸ ಮುಗಿಸಿಯಾಗಿತ್ತು. ಅವರು ನೈರೋಬಿಯಿಂದ ಬಂದ ವಾರವೇ ಹಾಲಿನ ಡಬ್ಬಗಳಲ್ಲಿ ಸಸಿ ಮಾಡಿಟ್ಟಿದ್ದರು. ಏಕೆಂದು ಕೇಳಿದರೆ, ‘ತೋಡಿದ ಗುಂಡೀನ ಸುಮ್ನೆ ಬಿಟ್ಟು ಬಂದಿದ್ದೀವಿ, ಮರ್ಯಾದೆ ಅಲ್ಲ’ ಎಂದಿದ್ದರು. ಅವು ಮುಸಾಂಬ್ಯ ಸಸಿಗಳು, ನಮ್ಮ ಹಲಗೆಗಳು ಬಂದದ್ದು ಆ ಮರದಿಂದ. ಹಳದಿ ಹೂ ಬಿಡುತ್ತದೆ. ನಿಮ್ಮ ಮಾಲೀಕರು ಹುಲ್ಲನ್ನು ಮರೆಯುತ್ತಾರೆ. ಗುರುವಾರದ ಬಸ್ಸಿಗೆ ಹಾಕುತ್ತೇವೆ, ಒಕುಮು ಅವರನ್ನು ನಿಲ್ದಾಣಕ್ಕೆ ಕಳಿಸಿ. ಗಡಿಯಲ್ಲಿ ಯಾರೂ ಸೌದೆ ಅನ್ನದಿರಲಿ ಎಂದು ಅಜ್ಜ ಪ್ರತಿ ಡಬ್ಬದ ಮೇಲೂ ನನ್ನ ಕೈಯಲ್ಲಿ ‘ಎಂಬೈರೆ’ ಎಂದು ಬರೆಸಿದ್ದಾರೆ.

ನಾನು ಅಕ್ರಾಕ್ಕೆ ಹೋಗುವಾಗ ನೈರೋಬಿಯಲ್ಲಿ ವಿಮಾನ ಬದಲಿಸಬೇಕಂತೆ. ನಡುವೆ ಅರ್ಧ ದಿನ ಇದೆ. ಸಸಿಗೆ ನೀರು ಹಾಕಿ ಹೋಗುತ್ತೇನೆ.

ಅಜ್ಜ ಪಕ್ಕದಲ್ಲೇ ಕೂತು ಇದನ್ನೂ ಸೇರಿಸು ಅನ್ನುತ್ತಿದ್ದಾರೆ. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ, ಈ ಸಲ ಹರಸಿದರು ಎನ್ನುವುದಿಲ್ಲ:

‘ಆ ತಾಯಿಗೆ ಹೇಳು, ಈ ಮರ ಕಡಿಯೋ ಹಾಗಾಗೋಕೆ ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಸರಿಯಾಗಿ ಬಾರಿಸೋದು ಕಲಿತಿರಲಿ.’

ಬಲಿಕೋವ